ನಾಟಕಶಾಲೆಯ ನೆತ್ತಿಯ ಮೇಲೆ ನಿಂತವರು ಯಾರು? ಗುರುತು ಹಿಡಿಯುವ ಬಗೆ

ಪ್ಯಾರಿಸ್ಸಿನ ಒಪೆರಾ ಮೆಟ್ರೊ ನಿಲ್ದಾಣದ ಮೆಟ್ಟಿಲೇರಿ ಹೊರಗೆ ಬಂದರೆ ಕಣ್ಣೆದುರಿಗೇ ಗಾರ್ನಿಯೆ ಒಪೆರಾ. 1875ರ ಜನವರಿ 5ರಂದು ಬಾಗಿಲು ತೆರೆದ ಕಟ್ಟಡ. ಮೊದಲ ಸಲ ನೋಡಿದಾಗ, ಸೂರಿನ ಎರಡು ಮೂಲೆಗಳಲ್ಲಿ ಚಿನ್ನದ ಮೈಯ, ರೆಕ್ಕೆ ಬಿಚ್ಚಿದ ಹೆಂಗಸರನ್ನು ಕಂಡು "ಏಂಜೆಲ್‌ಗಳು" ಎಂದು ಜೊತೆಯಲ್ಲಿದ್ದವರಿಗೆ ಧೈರ್ಯವಾಗಿ ಹೇಳಿಬಿಟ್ಟೆ. ಏಂಜೆಲ್‌ಗೂ ಅವರಿಗೂ ಸಂಬಂಧವೇ ಇಲ್ಲ. ಎಡಗಡೆಯವಳು ಸಾಮರಸ್ಯ, ಬಲಗಡೆಯವಳು ಕಾವ್ಯ. ಶಾರ್ಲ್ ಗುಮರಿ ಎಂಬ ಶಿಲ್ಪಿ ಮಾಡಿದ್ದು. ಯಾವ ಪುರಾಣದಲ್ಲೂ ಅವರಿಗೆ ಕಥೆಯಿಲ್ಲ, ಯಾವ ಇಗರ್ಜಿಗೂ ಅವರು ಸೇರಿದವರಲ್ಲ. ಆ ದಿನದ ಪೆಚ್ಚುತನದಿಂದ ಶುರುವಾದ ಚಟ ಇದು. ಈಗ ಯಾವ ಊರಿಗೆ ಹೋದರೂ ಹಳೆಯ ನಾಟಕಶಾಲೆಯ ಎದುರಿನ ಕಾಲುದಾರಿಯಲ್ಲಿ ಕತ್ತೆತ್ತಿ ನಿಂತಿರುತ್ತೇನೆ.

ಕನ್ನಡದವರಿಗೆ ಈ ವಿದ್ಯೆ ಹೊಸದೇನಲ್ಲ. ಸೋಮನಾಥಪುರದಲ್ಲೋ ಬೇಲೂರಿನಲ್ಲೋ ವಿಷ್ಣುವಿನ ಮೂರ್ತಿಯ ಮುಖ ನೋಡಿ ಇದು ಕೇಶವ, ಇದು ಜನಾರ್ದನ ಎಂದು ಯಾರೂ ಹೇಳುವುದಿಲ್ಲ. ಕೈ ನೋಡುತ್ತೇವೆ. ಶಂಖ, ಚಕ್ರ, ಗದೆ, ಪದ್ಮಗಳ ಸರದಿ ಬದಲಾದರೆ ಹೆಸರೇ ಬದಲು. ಮುಖ ಒಂದೇ, ಹೆಸರು ಇಪ್ಪತ್ನಾಲ್ಕು. ಕಾಲಬುಡದಲ್ಲಿ ಮೊಸಳೆಯಂಥ ಮಕರವಿದ್ದರೆ ಗಂಗೆ, ಆಮೆಯಿದ್ದರೆ ಯಮುನೆ. ಯುರೋಪಿನ ನಾಟಕಶಾಲೆಗಳ ಮೇಲಿನ ಗ್ರೀಕ್, ರೋಮನ್ ಮಂದಿಯನ್ನೂ ಹೀಗೇ ಹಿಡಿಯಬೇಕು: ಕೈಯಲ್ಲಿ ಏನಿದೆ, ತಲೆಗೆ ಏನು ಸುತ್ತಿದೆ, ರಥ ಎಳೆಯುವವರು ಯಾರು.

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಿಲ್ಪಿಗೆ ಆಗಮ, ಶಿಲ್ಪಶಾಸ್ತ್ರಗಳ ಕಟ್ಟಿತ್ತು. 19ನೇ ಶತಮಾನದ ಪ್ಯಾರಿಸ್, ವಿಯೆನ್ನಾಗಳ ಶಿಲ್ಪಿಗೆ ಅಂಥ ಕಟ್ಟಿರಲಿಲ್ಲ. ರೂಢಿಯಿತ್ತು ಅಷ್ಟೆ, ಮುರಿದರೆ ಕೇಳುವವರಿಲ್ಲ. ಲೈರ್ ಎಂಬ ತಂತಿವಾದ್ಯ ಹಿಡಿದ ಹೆಣ್ಣು ಒಂದು ಕಟ್ಟಡದಲ್ಲಿ ಪ್ರೇಮಗೀತೆಯ ದೇವತೆ ಎರಾಟೊ, ಇನ್ನೊಂದರಲ್ಲಿ ನೃತ್ಯದ ದೇವತೆ ಟರ್ಪ್ಸಿಕೊರಿ, ಮೂರನೆಯದರಲ್ಲಿ ಬರೀ 'ಸಂಗೀತ'. ಆದ್ದರಿಂದ ಒಂದೇ ಗುರುತು ನೋಡಿ ತೀರ್ಪು ಕೊಡಬೇಡಿ. ಎರಡು ಗುರುತು ಒಂದೇ ಹೆಸರು ಹೇಳಿದರೆ ಬರೆದುಕೊಳ್ಳಿ. ಮೂರು ಹೇಳಿದರೆ ಪಂದ್ಯ ಕಟ್ಟಿ.

ಹೊರಡುವ ಮುನ್ನ

ಎಂಟು ಪಟ್ಟು ಹಿಗ್ಗಿಸುವ ಸಾಧಾರಣ ಬೈನಾಕ್ಯುಲರ್ ಸಾಕು. ಅದಕ್ಕಿಂತ ಹೆಚ್ಚಿನದು ಕೈಯಲ್ಲಿ ನಡುಗುತ್ತದೆ. ಫೋನಿನ ಜೂಮ್ ನಂಬಿ ಹೋದವರು ಮನೆಗೆ ಬಂದು ನೋಡಿದರೆ ಮುಖವಾಡವೂ ಹಣ್ಣಿನ ಗೊಂಚಲೂ ಒಂದೇ ಥರ ಕಾಣುತ್ತವೆ.

ಬೈನಾಕ್ಯುಲರ್‌ಗಿಂತ ಮುಖ್ಯವಾದದ್ದು ಬೆಳಕು. ನಡುಮಧ್ಯಾಹ್ನ ನೆತ್ತಿಯ ಬಿಸಿಲಿನಲ್ಲಿ ಸೂರಿನ ನೆರಳು ಬಿದ್ದು ಅರ್ಧ ಶಿಲ್ಪ ಕಪ್ಪಾಗಿರುತ್ತದೆ, ಮೋಡವಿದ್ದರೆ ಎಲ್ಲವೂ ಚಪ್ಪಟೆ. ಬಿಸಿಲು ಗೋಡೆಯನ್ನು ಪಕ್ಕದಿಂದ ಸವರುವ ಹೊತ್ತಿಗೆ ಹೋಗಿ. ಪೂರ್ವ ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಗಳಿಗೆ ಆ ಹೊತ್ತು ಬೇರೆಬೇರೆ, ಮೊದಲೇ ದಿಕ್ಕು ನೋಡಿಕೊಂಡಿರಿ. ಸವೆದುಹೋದ ಉಬ್ಬುಶಿಲ್ಪದಲ್ಲಿ ಐವಿ ಎಂಬ ಬಳ್ಳಿಯ ಎಲೆಯೋ ದ್ರಾಕ್ಷಿ ಎಲೆಯೋ ಎಂಬ ತಕರಾರನ್ನು ಆ ಓರೆ ಬೆಳಕು ಹತ್ತು ನಿಮಿಷದಲ್ಲಿ ಬಗೆಹರಿಸುತ್ತದೆ.

ಮೊದಲ ಹೆಜ್ಜೆ: ದೂರ ನಿಲ್ಲಿ, ಎಣಿಸಿ

ಹತ್ತಿರ ಹೋಗುವ ಆತುರ ಬೇಡ. ಗಾರ್ನಿಯೆಯ ತುತ್ತತುದಿಯಲ್ಲಿ, ರಂಗಸ್ಥಳದ ಮೇಲಿನ ಎತ್ತರದ ಮಾಡಿನ ನೆತ್ತಿಯಲ್ಲಿ, ಎಮೆ ಮಿಯೆ ಮಾಡಿದ ಅಪೋಲೊ, ಗ್ರೀಕರ ಸಂಗೀತದ ದೇವರು, ಚಿನ್ನದ ಲೈರ್ ಎತ್ತಿಹಿಡಿದು ನಿಂತಿದ್ದಾನೆ. ಆ ಲೈರ್ ಸಿಡಿಲು ತಡೆಯುವ ಕಂಬಿಯ ಕೆಲಸವನ್ನೂ ಮಾಡುತ್ತದೆ. ಕಟ್ಟಡದ ಬುಡಕ್ಕೆ ಹೋದಿರೋ, ಅವನು ಮರೆ. ಎದುರಿನ ಬೀದಿಯಲ್ಲಿ ಹಿಂದೆ ಹಿಂದೆ ಸರಿದಷ್ಟೂ ಮೇಲೆದ್ದು ಬರುತ್ತಾನೆ.

ದೂರದಿಂದ ಕಟ್ಟಡದ ಒಂದು ಒರಟು ಚಿತ್ರ ಗೀಚಿಕೊಂಡು, ಶಿಲ್ಪ ಇರುವಲ್ಲೆಲ್ಲ ಒಂದೊಂದು ಚುಕ್ಕೆ ಇಡಿ. ಜಾಗವೇ ಅರ್ಧ ಉತ್ತರ ಹೇಳುತ್ತದೆ. ನೆತ್ತಿಯ ಮೇಲೆ ಇರುವವರು ಸಾಮಾನ್ಯವಾಗಿ ಕಟ್ಟಡದ ಯಜಮಾನರು: ಅಪೋಲೊ, ದ್ರಾಕ್ಷಾರಸದ ದೇವರು ಬ್ಯಾಕಸ್, ಇಲ್ಲವೆ ಪೆಗಸಸ್ ಎಂಬ ರೆಕ್ಕೆಯ ಕುದುರೆ. ಕಮಾನಿನ ಎರಡು ಹೆಗಲ ಮೇಲಿನ ಮುಕ್ಕೋನದಲ್ಲಿ ಓರೆಯಾಗಿ ಒರಗಿದ ರೆಕ್ಕೆಯ ಹೆಂಗಸರು ಜಯಲಕ್ಷ್ಮಿಯರು, ಗ್ರೀಕರ ನೈಕಿ, ರೋಮನ್ನರ ವಿಕ್ಟೋರಿಯಾ. ರೋಮನ್ ವಿಜಯ ಕಮಾನುಗಳಿಂದ ನಕಲು ಹೊಡೆದದ್ದು. ಕಮಾನಿನ ನಡುಗಲ್ಲಿನಲ್ಲಿ ಮುಖವೊಂದೇ ಇರುತ್ತದೆ. ಕಂಬಗಳ ನಡುವಿನ ಗುಂಡು ಕಿಂಡಿಗಳಲ್ಲಿ ಎದೆಮಟ್ಟದ ಪ್ರತಿಮೆಗಳಿದ್ದರೆ ಅವರು ದೇವರಲ್ಲ, ನಿಜವಾಗಿ ಬದುಕಿದ್ದವರು. ಗಾರ್ನಿಯೆಯಲ್ಲಿ ಅಲ್ಲಿ ಮೊಝಾರ್ಟ್, ಬೀಥೋವನ್, ರೊಸಿನಿ ಇದ್ದಾರೆ. ಕೋಟು, ಕೊರಳಪಟ್ಟಿ, ಜುಟ್ಟಿನ ಟೋಪನ್ನು ಕಂಡರೆ ಪುರಾಣ ಹುಡುಕುವ ಕೆಲಸ ಬಿಟ್ಟುಬಿಡಿ.

ತಲೆಯ ಮೇಲೆ ಸೂರನ್ನೇ ಹೊತ್ತ ಹೆಂಗಸರು, ಬೆನ್ನು ಬಾಗಿಸಿ ಬಾಲ್ಕನಿ ಹೊತ್ತ ಗಂಡಸರು ಬಂದರೆ ಹೆಸರು ಕೇಳಲು ಹೋಗಬೇಡಿ. ಅವರು ಮಾನವರೂಪದ ಕಂಬಗಳು. ಹೆಂಗಸರಿಗೆ ಕ್ಯಾರಿಯಾಟಿಡ್, ಗಂಡಸರಿಗೆ ಅಟ್ಲಾಂಟ್ ಎನ್ನುತ್ತಾರೆ. ಅಥೆನ್ಸಿನ ಇರೆಕ್ಥಿಯನ್ ಗುಡಿಯ ಆರು ಹೆಂಗಸರು ಇವರೆಲ್ಲರ ಹಿರಿಯಕ್ಕಂದಿರು.

ಆಮೇಲೆ ಎಣಿಸಿ. ಒಂಬತ್ತು ಹೆಂಗಸರಿದ್ದರೆ ಮ್ಯೂಸ್‌ಗಳು, ಅಂದರೆ ಕಲೆಗಳ ದೇವತೆಯರು, ಯೋಚನೆಯೇ ಬೇಡ. ಕೈಹಿಡಿದು ಹೆಣೆದುಕೊಂಡ ಮೂವರು ಬೆತ್ತಲೆ ಹೆಂಗಸರು ಗ್ರೇಸ್‌ಗಳು, ಚೆಲುವಿನ ದೇವತೆಯರು. ನಾಲ್ಕು ಬಂದರೆ ತೊಡಕು: ಋತುಗಳಿರಬಹುದು, ಕಲೆಗಳಿರಬಹುದು. ದ್ರಾಕ್ಷಿ ಹಿಡಿದವನನ್ನು ಬ್ಯಾಕಸ್ ಎಂದು ಬರೆದುಕೊಂಡು, ಪಕ್ಕದವನ ಕೈಯಲ್ಲಿ ತೆನೆ, ಅದರಾಚೆಯವನು ಚಳಿಗೆ ಮುಸುಕು ಹೊದ್ದಿದ್ದಾನೆಂದು ಆಮೇಲೆ ಕಂಡು ಹೊಡೆದುಹಾಕಿದ್ದೇನೆ. ಅವನು ಬ್ಯಾಕಸ್ ಅಲ್ಲ, ಶರತ್ಕಾಲ. ಎರಡೇ ಹೆಂಗಸರು, ಬಾಗಿಲಿನ ಆಚೆಗೊಬ್ಬಳು ಈಚೆಗೊಬ್ಬಳು ಇದ್ದರೆ ಹತ್ತಕ್ಕೆ ಒಂಬತ್ತು ಪಾಲು ರುದ್ರನಾಟಕ ಮತ್ತು ಹರ್ಷನಾಟಕ. ಲಂಡನ್ನಿನ ಕೋವೆಂಟ್ ಗಾರ್ಡನ್ ಒಪೆರಾದ ಗೂಡುಗಳಲ್ಲಿ ಇರುವುದು ಈ ಜೋಡಿಯೇ. ಈಗಿನ ಕಟ್ಟಡ 1858ರದು, ಈ ಮೂರ್ತಿಗಳು ಅದಕ್ಕಿಂತ ಹಳೆಯವು; 1856ರ ಬೆಂಕಿಯಲ್ಲಿ ಸುಟ್ಟುಹೋದ ಹಿಂದಿನ ಕಟ್ಟಡದಿಂದ ಉಳಿದು ಬಂದವು. ಹಾಗಾಗಿ ಕಟ್ಟಡದ ವರ್ಷವೇ ಶಿಲ್ಪದ ವರ್ಷ ಎಂದು ಬರೆಯಬೇಡಿ.

ಎರಡನೆಯ ಹೆಜ್ಜೆ: ರಥ ಎಳೆಯುವವರು ಯಾರು?

ನನಗೆ ಬಹಳ ಇಷ್ಟವಾದ ಭಾಗ ಇದು, ಏಕೆಂದರೆ ಇಲ್ಲಿ ತಪ್ಪುವುದು ಕಷ್ಟ. ನೆತ್ತಿಯ ಮೇಲೆ ರಥವಿದೆ, ರಥದಲ್ಲಿ ಗಡ್ಡವಿಲ್ಲದ ತರುಣನಿದ್ದಾನೆ. ಅಪೋಲೊನೂ ತರುಣ, ಬ್ಯಾಕಸನೂ (ಗ್ರೀಕ್ ಹೆಸರು ಡಯೊನೈಸಸ್) ತರುಣ. ಇಬ್ಬರಿಗೂ ಉದ್ದ ಕೂದಲು, ಇಬ್ಬರೂ ನಾಟಕಶಾಲೆಗೆ ಹಕ್ಕುದಾರರು. ಅಪೋಲೊ ಸಂಗೀತ ಕಾವ್ಯಗಳ ಒಡೆಯ. ಅಥೆನ್ಸಿನಲ್ಲಿ ನಾಟಕ ಹುಟ್ಟಿದ್ದೇ ಡಯೊನೈಸಸನ ಜಾತ್ರೆಯಲ್ಲಿ. ದೂರದಿಂದ ಮುಖ ನೋಡಿ ಯಾರೂ ಬೇರ್ಪಡಿಸಲಾರರು. ವಾಹನ ನೋಡಿ.

ಮಾಸ್ಕೊದ ಬೊಲ್ಶೊಯ್ ಮೇಲೆ ನಾಲ್ಕು ಕುದುರೆ. ಪ್ಯೋತರ್ ಕ್ಲೋತ್ ಮಾಡಿದ್ದು. ಅಲ್ಲಿರುವವನು ಅಪೋಲೊ, 1997ರ ಸಾಲಿನ 100 ರೂಬಲ್ ನೋಟಿನ ಮೇಲೂ ಇದೇ ರಥವಿತ್ತು. ಬರ್ಲಿನ್ನಿನಲ್ಲಿ ವಾಸ್ತುಶಿಲ್ಪಿ ಶಿಂಕೆಲ್ 1821ರಲ್ಲಿ ಮುಗಿಸಿದ ನಾಟಕಶಾಲೆಯ (ಈಗ ಅದು ಕೊನ್ಸರ್ಟ್‌ಹೌಸ್) ನೆತ್ತಿಯಲ್ಲಿ ರಥ ಎಳೆಯುವುದು ಗ್ರಿಫಿನ್, ಸಿಂಹದ ಮೈ, ಹದ್ದಿನ ತಲೆ ರೆಕ್ಕೆಗಳ ಪ್ರಾಣಿ. ಅವನೂ ಅಪೋಲೊನೇ. ಅದೇ ಡ್ರೆಸ್ಡೆನ್ನಿಗೆ ಹೋಗಿ, 1878ರ ಸೆಂಪರ್ ಒಪೆರಾದ ಬಾಗಿಲ ಮೇಲೆ ಯೊಹಾನೆಸ್ ಶಿಲಿಂಗ್ ಮಾಡಿದ ರಥ ನೋಡಿ: ಎಳೆಯುವುದು ನಾಲ್ಕು ಪ್ಯಾಂಥರ್. ಬೈನಾಕ್ಯುಲರಿನಲ್ಲಿ ಬಾಲ ನೋಡಿದರೂ ಸಾಕು, ಕುದುರೆಯ ಬಾಲವಲ್ಲ, ಬೆಕ್ಕಿನ ಜಾತಿಯದು. ಆದ್ದರಿಂದ ರಥದಲ್ಲಿರುವವನು ಡಯೊನೈಸಸ್, ಪಕ್ಕದವಳು ಅವನು ಮದುವೆಯಾದ ಅರಿಯಾಡ್ನಿ. ಕುದುರೆ, ಗ್ರಿಫಿನ್ ಅಂದರೆ ಅಪೋಲೊ. ಚಿರತೆ, ಪ್ಯಾಂಥರ್, ಹುಲಿ ಅಂದರೆ ಬ್ಯಾಕಸ್. ಇಷ್ಟನ್ನು ನೆನಪಿಟ್ಟರೆ ಅರ್ಧ ಯುರೋಪಿನ ನೆತ್ತಿಗಳು ಬಗೆಹರಿದಂತೆ.

ಬ್ಯಾಕಸನ ಗುಂಪಿನಲ್ಲಿ ಕೆಲವೊಮ್ಮೆ ಆನೆಯೂ ಬರುತ್ತದೆ. ಗಾಬರಿಯಾಗಬೇಡಿ. ಅಲೆಕ್ಸಾಂಡರನ ನಂತರದ ಗ್ರೀಕರು ತಮ್ಮ ದ್ರಾಕ್ಷಾರಸದ ದೇವರು ಭಾರತವನ್ನು ಗೆದ್ದು ಬಂದ ಎಂಬ ಕಥೆ ಕಟ್ಟಿದರು. ರೋಮನ್ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಆ ಮೆರವಣಿಗೆಯನ್ನು ಕೆತ್ತಿದರು. ಅಲ್ಲಿಂದ ಅದು ಆಮೇಲಿನ ಶಿಲ್ಪಿಗಳ ಕೈಗೆ ಬಂತು. ಈಜಿಪ್ಟಿನ ಆಕ್ಸಿರಿಂಕಸ್ ತಿಪ್ಪೆಯಲ್ಲಿ ಸಿಕ್ಕ ಪಪೈರಸ್ಸಿನ ಗ್ರೀಕ್ ಪ್ರಹಸನವೂ ಇಲ್ಲಿ ನೆನಪಾಗುತ್ತದೆ. ಅದು ನಡೆಯುವುದು ಭಾರತದ ಕಡಲತೀರದಲ್ಲಿ, ಸೆರೆಸಿಕ್ಕ ಗ್ರೀಕ್ ಹೆಣ್ಣನ್ನು ಬಿಡಿಸಿಕೊಳ್ಳಲು ಅಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಅದರಲ್ಲಿ ಬರುವ ಪರಭಾಷೆಯ ಮಾತು ಕನ್ನಡವಿರಬಹುದು ಎಂದು ಜರ್ಮನ್ ವಿದ್ವಾಂಸ ಹುಲ್ಶ್ 1904ರಲ್ಲಿ ಸೂಚಿಸಿದ ಮೇಲೆ ನಮ್ಮವರು ಮಾಡಿದ ಚರ್ಚೆ ಗೊತ್ತೇ ಇದೆ, ಇನ್ನೂ ತೀರ್ಮಾನವಾಗಿಲ್ಲ. ಆನೆ ಕಂಡಾಗಲೆಲ್ಲ ನನಗೆ ಆ ಅಮಲೇರಿದ ರಾಜ ಕಣ್ಣಿಗೆ ಬರುತ್ತಾನೆ.

ಸವಾರರಿಲ್ಲದೆ ರೆಕ್ಕೆಯ ಕುದುರೆ ಒಂದೇ ಇದ್ದರೆ ಪೆಗಸಸ್. ಹೆಲಿಕಾನ್ ಬೆಟ್ಟದಲ್ಲಿ ಗೊರಸು ಬಡಿದು ಕವಿಗಳ ಚಿಲುಮೆ ಉಕ್ಕಿಸಿದವನು. ಪುರಾಣದಲ್ಲಿ ಪೆಗಸಸ್ ಒಬ್ಬನೇ, ಕಟ್ಟಡಗಳ ಮೇಲೆ ಮಾತ್ರ ಜೋಡಿ. ಗಾರ್ನಿಯೆಯಲ್ಲೂ ಎರಡು, ವಿಯೆನ್ನಾದ ಸ್ಟೇಟ್ ಒಪೆರಾದ ಮುಂಭಾಗದಲ್ಲೂ ಎರಡು. ಎಡಕ್ಕೊಂದು ಇಟ್ಟ ಮೇಲೆ ಬಲ ಖಾಲಿ ಬಿಡುವುದು ಹೇಗೆ ಎನ್ನುವ ಹಟ, ಅಷ್ಟೇ. ಎರಡನೆಯದಕ್ಕೆ ಬೇರೆ ಹೆಸರು ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯ ಹೆಜ್ಜೆ: ಮುಖವಾಡ ಓದುವುದು

ನಾಟಕಶಾಲೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಗುವ ವಸ್ತು ಮುಖವಾಡ. ಅಳುವುದು, ನಗುವುದು, ಇಷ್ಟೇ ತಾನೆ ಎನ್ನಬಹುದು. ನೂರೈವತ್ತು ವರ್ಷ ಮಳೆಗೆ ನೆನೆದ ಸುಣ್ಣಕಲ್ಲಿನಲ್ಲಿ ಅಳುವ ಬಾಯಿಯೂ ನಗುವ ಬಾಯಿಯೂ ಒಂದೇ ತೂತಾಗಿರುತ್ತವೆ. ಅಲ್ಲದೆ ಎರಡರದ್ದೂ ಬಾಯಿ ತೆರೆದೇ ಇರುತ್ತದೆ. ಆಗ ಹುಬ್ಬು ನೋಡಿ: ರುದ್ರನಾಟಕದ ಮುಖವಾಡದಲ್ಲಿ ಹುಬ್ಬಿನ ಒಳತುದಿ ಮೇಲೆದ್ದು ಹಣೆ ಕುಗ್ಗಿರುತ್ತದೆ. ಅದೂ ಸವೆದಿದ್ದರೆ ಕೂದಲು ನೋಡಿ. ರುದ್ರನಾಟಕದ ಮುಖವಾಡಕ್ಕೆ ಹಣೆಯ ಮೇಲೆ ಗೋಪುರದಂತೆ ಎತ್ತಿಕಟ್ಟಿದ ಕೂದಲಿರುತ್ತದೆ, ಗ್ರೀಕರು ಅದಕ್ಕೆ ಓಂಕೋಸ್ ಎನ್ನುತ್ತಿದ್ದರು, ಮುಖದ ಎರಡೂ ಬದಿಗೆ ಸುರುಳಿ ಸುರುಳಿಯಾಗಿ ಇಳಿದಿರುತ್ತದೆ. ಹರ್ಷನಾಟಕದ್ದು ಅಗಲ ಮುಖ, ಮೊಂಡು ಮೂಗು, ಕಿವಿಯಿಂದ ಕಿವಿಗೆ ಬಾಯಿ, ನೆತ್ತಿ ಬೋಳು ಅಥವಾ ಐವಿ ಸುತ್ತಿದ್ದು. ನಮ್ಮ ಯಕ್ಷಗಾನ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಕಿರೀಟ ಎಷ್ಟು ಎತ್ತರವೋ ಪಾತ್ರ ಅಷ್ಟು ಗಂಭೀರ, ಹಾಸ್ಯಗಾರನಿಗೆ ಕಿರೀಟವೇ ಇಲ್ಲ.

ಬಾಗಿಲ ಮೇಲೆ ನಾಲಿಗೆ ಚಾಚಿ ಕೂದಲಲ್ಲಿ ಹಾವು ಸುತ್ತಿಕೊಂಡ ಮುಖ ಇದ್ದರೆ ಅದು ನಾಟಕದ ಮುಖವಾಡವಲ್ಲ, ಮೆಡ್ಯೂಸಾ. ದೃಷ್ಟಿ ತೆಗೆಯಲು ಇಟ್ಟದ್ದು. ಹೊಸ ಮನೆಗೆ ನಾವು ಬೂದುಗುಂಬಳ ಕಟ್ಟಿದ ಹಾಗೆ.

ನಾಲ್ಕನೆಯ ಹೆಜ್ಜೆ: ಒಂಬತ್ತು ಅಕ್ಕತಂಗಿಯರು

ಝ್ಯೂಸ್ ಮತ್ತು ನೆನಪಿನ ದೇವತೆ ನೆಮೊಸಿನಿಗೆ ಹುಟ್ಟಿದ ಒಂಬತ್ತು ಹೆಣ್ಣುಮಕ್ಕಳು ಮ್ಯೂಸ್‌ಗಳು. ಮ್ಯೂಸಿಕ್ ಎನ್ನುವ ಮಾತೂ ಮ್ಯೂಸಿಯಂ ಎನ್ನುವ ಮಾತೂ ಇವರ ಹೆಸರಿನವೇ. ಹೆಸಿಯಡ್ ಕವಿ ಒಂಬತ್ತು ಹೆಸರು ಹೇಳಿದನೇ ಹೊರತು ಯಾರಿಗೆ ಯಾವ ಕಲೆ ಎಂದು ಹಂಚಿಕೊಡಲಿಲ್ಲ. ಹಂಚಿಕೆ ಗಟ್ಟಿಯಾದದ್ದು ಬಹಳ ತಡವಾಗಿ, ರೋಮನ್ನರ ಕಾಲದಲ್ಲಿ. ಗೊಂದಲದ ಬೇರು ಅಲ್ಲೇ ಇದೆ.

ಸುಲಭದವರನ್ನು ಮೊದಲು ಮುಗಿಸಿ. ಭೂಗೋಳದಂಥ ಗುಂಡು, ಕೈಯಲ್ಲಿ ಕೈವಾರ ಅಥವಾ ಕಡ್ಡಿ ಇದ್ದರೆ ಯುರೇನಿಯಾ, ಖಗೋಳದವಳು. ನಾಟಕಶಾಲೆಯಲ್ಲಿ ಅವಳಿಗೇನು ಕೆಲಸ ಎಂದು ಕೇಳಬೇಡಿ. ಒಂಬತ್ತನ್ನೂ ಇಡಬೇಕಾದಾಗ ಬರುತ್ತಾಳೆ. ಎರಡು ಕೊಳವೆಯ ಕೊಳಲಿದ್ದರೆ ಯೂಟರ್ಪಿ. ಮೈತುಂಬ ಸೆರಗು ಹೊದ್ದು, ಕಂಬಕ್ಕೆ ಮೊಣಕೈ ಊರಿ, ಗದ್ದಕ್ಕೋ ತುಟಿಗೋ ಬೆರಳಿಟ್ಟು ಯೋಚಿಸುತ್ತ ನಿಂತವಳು ಪಾಲಿಹಿಮ್ನಿಯಾ. ಅವಳ ಕೈಯಲ್ಲಿ ಏನೂ ಇರುವುದಿಲ್ಲ, ಆ ಭಂಗಿಯೇ ಅವಳ ಗುರುತು.

ಮೆಲ್ಪೊಮಿನಿ ಮತ್ತು ಥಾಲಿಯಾ ನಾಟಕಶಾಲೆಯ ಮನೆಮಗಳಂದಿರು. ಮುಖವಾಡ ಇಬ್ಬರ ಕೈಯಲ್ಲೂ ಇರುತ್ತದೆ. ಮುಖವಾಡ ಓದಲು ಆಗದಿದ್ದರೆ ಇನ್ನೊಂದು ಕೈಗೆ ಹೋಗಿ. ಕತ್ತಿ, ಬಾಕು ಅಥವಾ ಗದೆಯಂಥ ದೊಣ್ಣೆ ಇದ್ದರೆ ಮೆಲ್ಪೊಮಿನಿ, ರುದ್ರನಾಟಕದವಳು. ದೊಣ್ಣೆ ಕಂಡ ತಕ್ಷಣ ಹರ್ಕ್ಯುಲಿಸ್ ಎಂದುಬಿಡುವವರಿದ್ದಾರೆ. ದೊಣ್ಣೆ ಅವನದೇ, ರುದ್ರನಾಟಕದ ವೀರನ ಗುರುತಾಗಿ ಇವಳ ಕೈಗೆ ಬಂದಿದೆ. ಕುರಿಗಾಹಿಯ ಬಾಗಿದ ಕೋಲಿದ್ದರೆ ಥಾಲಿಯಾ. ಕೊನೆಗೆ ಪಾದ ನೋಡಿ: ಮೆಲ್ಪೊಮಿನಿಗೆ ದಪ್ಪ ಅಟ್ಟೆಯ ಎತ್ತರದ ಬೂಟು, ಥಾಲಿಯಾಗೆ ತೆಳು ಚಪ್ಪಲಿ. ಹಳೆಯ ನಟರ ಮೆಟ್ಟುಗಳೂ ಹಾಗೇ ಬೇರೆಬೇರೆ ಇದ್ದವು. ವಿಯೆನ್ನಾದ ಬುರ್ಗ್‌ಥಿಯೇಟರ್ ನೆತ್ತಿಯಲ್ಲಿ ಕಾರ್ಲ್ ಕುಂಡ್‌ಮನ್ ಮಾಡಿದ ಗುಂಪಿದೆ: ನಡುವೆ ಅಪೋಲೊ, ಆಚೀಚೆ ಈ ಇಬ್ಬರು. ಅದರ ಕೆಳಗಿನ ಉದ್ದ ಪಟ್ಟಿಯಲ್ಲಿ ರುಡಾಲ್ಫ್ ವೈರ್ ಕೆತ್ತಿದ ಬ್ಯಾಕಸ್ ಅರಿಯಾಡ್ನಿಯರ ಮೆರವಣಿಗೆ. ಹಕ್ಕುದಾರರಿಬ್ಬರೂ ಒಂದೇ ಗೋಡೆಯ ಮೇಲೆ ರಾಜಿಯಾಗಿದ್ದಾರೆ. ಹೊಸಬರು ಅಭ್ಯಾಸ ಮಾಡಲು ಇದಕ್ಕಿಂತ ಒಳ್ಳೆಯ ಗೋಡೆ ನಾನು ಕಂಡಿಲ್ಲ.

ಕ್ಯಾಲಿಯೊಪಿ ಮತ್ತು ಕ್ಲಿಯೊ ಇಬ್ಬರೂ ಬರೆಯುವವರು. ಮೇಣ ಮೆತ್ತಿದ ಹಲಗೆ, ಕಂಟ ಇದ್ದರೆ ಮಹಾಕಾವ್ಯದ ಕ್ಯಾಲಿಯೊಪಿ. ಸುರುಳಿ ಅಥವಾ ಪುಸ್ತಕ, ಜೊತೆಗೆ ಕಹಳೆ ಇದ್ದರೆ ಇತಿಹಾಸದ ಕ್ಲಿಯೊ. ಕಹಳೆ ಇದ್ದು ಬೆನ್ನಿಗೆ ರೆಕ್ಕೆಯೂ ಇದ್ದರೆ ಕ್ಲಿಯೊ ಅಲ್ಲ. ಅವಳು ಕೀರ್ತಿ, ರೋಮನ್ನರ ಫಾಮಾ. ಗಾರ್ನಿಯೆಯ ಆ ಎರಡು ಪೆಗಸಸ್‌ಗಳನ್ನು ಹಿಡಿದು ನಿಲ್ಲಿಸಿರುವವಳೂ ಕೀರ್ತಿಯೇ, ಲೆಕೆನ್ ಮಾಡಿದ್ದು.

ಉಳಿದ ಇಬ್ಬರು ಎರಾಟೊ ಮತ್ತು ಟರ್ಪ್ಸಿಕೊರಿ, ಪ್ರೇಮಗೀತೆ ಮತ್ತು ನೃತ್ಯ. ಇಬ್ಬರಿಗೂ ಲೈರ್. ಕುಣಿಯುವ ಕಾಲಿದ್ದರೆ ಟರ್ಪ್ಸಿಕೊರಿ, ತಲೆಗೆ ಗುಲಾಬಿ ಇದ್ದರೆ ಎರಾಟೊ. ಎರಡೂ ಇಲ್ಲದಿದ್ದರೆ 'ಲೈರ್ ಹಿಡಿದ ಮ್ಯೂಸ್' ಎಂದು ಬರೆದು ಮುಂದೆ ಹೋಗಿ. ಅದರಲ್ಲಿ ನಾಚಿಕೆಯೇನಿಲ್ಲ. ಒಂದು ಹಳ್ಳ ಮಾತ್ರ ತೋರಿಸಿಬಿಡುತ್ತೇನೆ: ಕಾಲು ಮುಚ್ಚುವ ಉದ್ದ ನಿಲುವಂಗಿ, ಎದೆಯ ಕೆಳಗೆ ಪಟ್ಟಿ, ನೀಳ ಕೂದಲು, ಕೈಯಲ್ಲಿ ದೊಡ್ಡ ಲೈರ್ ಇದ್ದು ಎದೆ ಚಪ್ಪಟೆ ಇದ್ದರೆ ಹೆಣ್ಣೆಂದುಕೊಂಡು ಮೋಸ ಹೋಗಬೇಡಿ. ಕಛೇರಿಗೆ ನಿಂತ ಅಪೋಲೊ ಹೀಗೇ ಉಡುತ್ತಾನೆ. 1774ರಲ್ಲಿ ಟಿವೊಲಿಯ ಬಳಿ ಮ್ಯೂಸ್‌ಗಳ ಜೊತೆ ಸಿಕ್ಕಿ ಈಗ ವ್ಯಾಟಿಕನ್ನಿನಲ್ಲಿರುವ ಅಪೋಲೊ ಇದಕ್ಕೆ ಮಾದರಿ. ಇನ್ನು ಲೈರ್ ಜೊತೆ ತುದಿ ಮುಂದಕ್ಕೆ ಬಾಗಿದ ಟೊಪ್ಪಿಗೆ, ಸುತ್ತ ಕಾಡುಪ್ರಾಣಿಗಳು ಇದ್ದರೆ ಓರ್ಫಿಯಸ್. ಡಾಲ್ಫಿನ್ ಮೇಲೆ ಕೂತಿದ್ದರೆ ಏರಿಯನ್. ಇಬ್ಬರೂ ಗ್ರೀಕ್ ಕಥೆಗಳ ಹಾಡುಗಾರರು.

ಐದನೆಯ ಹೆಜ್ಜೆ: ಎಲೆ

ತಲೆಗೆ ಸುತ್ತಿದ ಎಲೆಯನ್ನು ಬಹಳ ಜನ ನೋಡುವುದೇ ಇಲ್ಲ. ಕೈ ಮುರಿದ ಮೂರ್ತಿಗೆ ಉಳಿಯುವ ಆಧಾರ್ ಕಾರ್ಡ್ ಅದು.

ಲಾರೆಲ್ ಅಪೋಲೊನದು. ಎಲೆ ಕಿರಿದು, ಉದ್ದ, ತುದಿ ಚೂಪು, ನಡುವೆ ಒಂದೇ ನರ. ನಾವು ಪಲಾವಿಗೆ ಹಾಕುವ ಎಲೆಯನ್ನು ಲಾರೆಲ್ ಎಂದುಕೊಳ್ಳುವುದುಂಟು. ಅದು ದಾಲ್ಚಿನ್ನಿಯ ಜಾತಿ. ಅಂಗೈಯಲ್ಲಿಟ್ಟು ನೋಡಿ, ತೊಟ್ಟಿನಿಂದ ತುದಿಗೆ ಉದ್ದುದ್ದ ಮೂರು ನರ ಓಡುತ್ತವೆ. ಐವಿ ಎಲೆಗೆ ಮೂರೋ ಐದೋ ಮೂಲೆ, ಅಂಚು ನಯ, ಜೊತೆಗೆ ಮೆಣಸಿನಂಥ ಕಾಯಿಗೊಂಚಲು. ದ್ರಾಕ್ಷಿ ಎಲೆ ಅಗಲ, ಅಂಚಿಗೆ ಗರಗಸ. ಐವಿಯೂ ದ್ರಾಕ್ಷಿಯೂ ಬ್ಯಾಕಸನ ಕಡೆಯವು. ರೂಢಿಯಲ್ಲಿ ಥಾಲಿಯಾಗೆ ಐವಿ, ಮೆಲ್ಪೊಮಿನಿಗೆ ದ್ರಾಕ್ಷಿ. ಅಂದರೆ ನಾಟಕದ ಇಬ್ಬರೂ ಬ್ಯಾಕಸನ ಬಳ್ಳಿಯವರೇ.

ಬ್ಯಾಕಸನ ಪರಿವಾರ ದೊಡ್ಡದು, ಆದರೆ ಗುರುತು ಸುಲಭ. ತುದಿಗೆ ಪೈನ್ ಕಾಯಿ ಸಿಕ್ಕಿಸಿದ ಕೋಲು ಥಿರ್ಸಸ್. ಮೇಕೆಯ ಕಾಲು ಅಥವಾ ಚೂಪು ಕಿವಿ, ಗಿಡ್ಡ ಬಾಲ ಇದ್ದರೆ ಸ್ಯಾಟಿರ್. ಬೊಜ್ಜು ಹೊಟ್ಟೆ, ಬೋಳು ತಲೆ, ಕತ್ತೆಯ ಮೇಲೆ ಜೋಲಾಡುವ ಮುದುಕ ಸೈಲೀನಸ್. ಕೂದಲು ಕೆದರಿ ಕಂಜಿರದಂಥ ಟ್ಯಾಂಬೊರಿನ್ ಬಡಿಯುತ್ತ ಕುಣಿಯುವ ಹೆಂಗಸರು ಬ್ಯಾಕಸನ ಭಕ್ತೆಯರು.

ಆರನೆಯ ಹೆಜ್ಜೆ: ಕೈಯನ್ನು ಅನುಮಾನಿಸಿ

ಕೈ ನೋಡಿ ಎಂದು ಇಷ್ಟು ಹೊತ್ತು ಹೇಳಿ ಈಗ ಅದನ್ನೇ ನಂಬಬೇಡಿ ಎನ್ನುತ್ತಿದ್ದೇನೆ. ಹೊರಚಾಚಿದ ಕೈ ಮೊದಲು ಮುರಿಯುತ್ತದೆ: ಹಿಮ, ಬಾಂಬು, ಪಾರಿವಾಳದ ಬಲೆ ಕಟ್ಟಲು ಹತ್ತಿದವನ ಏಣಿ, ಯಾವುದಾದರೂ ಆಗಬಹುದು. ಮುರಿದ ಕೈ ಜೋಡಿಸಿದವನು ತನಗೆ ತಿಳಿದದ್ದನ್ನು ಅದರಲ್ಲಿ ಇಟ್ಟಿರುತ್ತಾನೆ. ದೊಡ್ಡವರ ಮನೆಯಲ್ಲೂ ಇದೇ ಕಥೆ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಮ್ಮಿನಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟಿನಾ ಬಳಿಯಿದ್ದ ಎಂಟು ರೋಮನ್ ಮ್ಯೂಸ್‌ಗಳು ಕೂತಿದ್ದಾರೆ. ಅವರಿಗೆ 17ನೇ ಶತಮಾನದಲ್ಲಿ ಹೊಸ ತಲೆ, ಹೊಸ ಕೈ ಜೋಡಿಸಿದರು. ಇವಳು ಇಂಥವಳು ಎಂದು ಈಗ ಹೇಳುತ್ತಿರುವುದು ಬಹುಮಟ್ಟಿಗೆ ಆ ಹೊಸ ಕೈಗಳು.

ಜೋಡಣೆ ಪತ್ತೆ ಮಾಡಲು ಮಣಿಕಟ್ಟು, ಮೊಣಕೈ, ಕುತ್ತಿಗೆ ನೋಡಿ. ಕೂದಲೆಳೆಯಂಥ ನೇರ ಗೆರೆ, ಅದರ ಆಚೆಗೆ ಕಲ್ಲಿನ ಬಣ್ಣ ಬೇರೆ, ಸವೆತ ಕಡಿಮೆ. ಮೂಗು ಕರಗಿಹೋಗಿ ಬೆರಳಿನ ಉಗುರು ಮಾತ್ರ ಚೂಪಾಗಿದ್ದರೆ ಆ ಕೈ ಆ ಮೂರ್ತಿಯದಲ್ಲ. ಕೈ ಬಿಟ್ಟು ಉಡುಪಿನ ಮಡಿಕೆಯ ಕಡೆ, ಪಾದದ ಕಡೆ ಹೋಗಿ. ಕೆಳಗಿನ ಪೀಠಕ್ಕೆ ಅಂಟಿಕೊಂಡೇ ಕೆತ್ತಿದ ಮುಖವಾಡ, ಗುಂಡು, ಹಕ್ಕಿಗಳು ಸುಲಭವಾಗಿ ಬದಲಾಗುವುದಿಲ್ಲ. ಬಟ್ಟೆಯನ್ನೂ ನಂಬುವ ಹಾಗಿಲ್ಲ ಅನ್ನಿ: ಬೊಲ್ಶೊಯ್ ಅಪೋಲೊಗೆ 2011ರಲ್ಲಿ ಮುಗಿದ ದುರಸ್ತಿಯಲ್ಲಿ ಅಂಜೂರದ ಎಲೆ ಬಂತು.

ಏಳನೆಯ ಹೆಜ್ಜೆ: ಅಕ್ಷರ

ಎಲ್ಲಕ್ಕಿಂತ ಕೊನೆಗೆ ಅಕ್ಷರ ಓದಿ. ಮೊದಲೇ ಓದಿದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಕಲ್ಲಿನ ಲ್ಯಾಟಿನ್‌ನಲ್ಲಿ ಯು ಬದಲು ವಿ ಕೆತ್ತುವ ರೂಢಿಯಿದೆ, ಗಾಬರಿಯಾಗಬೇಡಿ. ಇಸವಿ ರೋಮನ್ ಅಂಕಿಯಲ್ಲಿದ್ದರೆ ಎಂ ಅಂದರೆ 1000, ಡಿ 500, ಸಿ 100, ಎಲ್ 50, ಎಕ್ಸ್ 10, ವಿ 5, ಐ 1. ಬರ್ಲಿನ್ನಿನ ಉಂಟರ್ ಡೆನ್ ಲಿಂಡೆನ್ ಬೀದಿಯ ಒಪೆರಾದ ಹಣೆಯ ಮೇಲೆ 'ಫ್ರಿಡೆರಿಕಸ್ ರೆಕ್ಸ್ ಅಪೊಲಿನಿ ಎಟ್ ಮ್ಯೂಸಿಸ್' ಎಂದಿದೆ: ರಾಜ ಫ್ರೆಡರಿಕ್ ಅಪೋಲೊಗೂ ಮ್ಯೂಸ್‌ಗಳಿಗೂ ಒಪ್ಪಿಸಿದ್ದು. ಇಂಥ ಒಂದು ಸಾಲು ಸಿಕ್ಕರೆ ಇಡೀ ಗೋಡೆಯ ಪಾತ್ರವರ್ಗ ಕೈಗೆ ಬಂದ ಹಾಗೆ.

ಪೀಠದ ಅಂಚಿನಲ್ಲಿ ಶಿಲ್ಪಿಯ ಹೆಸರಿಗಾಗಿಯೂ ಹುಡುಕಿ. ನಮ್ಮ ಮಲ್ಲಿತಮ್ಮ, ದಾಸೋಜರು ಮೂರ್ತಿಯ ಬುಡದಲ್ಲಿ ಹೆಸರು ಕೊರೆದ ಹಾಗೆ ಅಲ್ಲಿಯವರೂ ಕೊರೆದಿರುತ್ತಾರೆ. ಹೆಸರು ಸಿಕ್ಕ ಮೇಲೆ ಆ ಶಿಲ್ಪಿಯ ಕೃತಿಗಳ ಪಟ್ಟಿ ತೆಗೆದರೆ, ಗುತ್ತಿಗೆಯಲ್ಲಿ ಈ ಮೂರ್ತಿಯನ್ನು ಏನೆಂದು ಕರೆದಿದ್ದರು ಎಂಬುದು ಸಾಮಾನ್ಯವಾಗಿ ಸಿಗುತ್ತದೆ. ನಿಮ್ಮ ಊಹೆ ಅದಕ್ಕೆ ಹೊಂದದಿದ್ದರೆ ನಿಮ್ಮದನ್ನು ಹೊಡೆದುಹಾಕಬೇಡಿ, ಪಕ್ಕದಲ್ಲಿ ಹಾಗೇ ಬಿಡಿ. ಗುತ್ತಿಗೆಯ ಹೆಸರು ಒಂದು, ಶಿಲ್ಪಿ ಮಾಡಿಕೊಟ್ಟದ್ದು ಇನ್ನೊಂದು ಆಗಿರುವುದೂ ಇದೆ.

ಹೆಸರು ಸಿಗದ ಹೆಂಗಸರು ಬಹಳ ಸಿಗುತ್ತಾರೆ: ಕಾವ್ಯ, ನಾಟಕ, ಗಾನ, ಸಾಮರಸ್ಯ. ಇವು ಗುಣಗಳಿಗೆ ಮೈ ಕೊಟ್ಟದ್ದು. 1593ರಲ್ಲಿ ರೋಮಿನಲ್ಲಿ ಚೆಸಾರೆ ರಿಪಾ ಅಚ್ಚು ಹಾಕಿಸಿದ 'ಐಕೊನೊಲೊಜಿಯಾ' ಎಂಬ ಕೈಪಿಡಿ ಯಾವ ಗುಣಕ್ಕೆ ಯಾವ ಉಡುಗೆ, ಯಾವ ವಸ್ತು ಎಂದು ಅಕಾರಾದಿಯಾಗಿ ಹೇಳಿಕೊಟ್ಟಿತು. ಆಮೇಲಿನ ಶಿಲ್ಪಿಗಳೆಲ್ಲ ಅದರ ಸಾಲಗಾರರು. ರೆಕ್ಕೆಯ ಹೆಣ್ಣಿಗೆ ಪುರಾಣದಲ್ಲಿ ಜಾಗ ಸಿಗದಿದ್ದರೆ ಈ ಗುಂಪಿನಲ್ಲಿ ಹುಡುಕಿ. ನನ್ನ ಏಂಜೆಲ್‌ಗಳು ಸಿಕ್ಕಿದ್ದು ಅಲ್ಲೇ.

ಒಂದನ್ನು ಪೂರ್ತಿ ಬಿಡಿಸೋಣ

ಗಾರ್ನಿಯೆಯ ನೆಲಮಟ್ಟಕ್ಕೆ ಇಳಿಯಿರಿ. ಮುಂಭಾಗದ ಬಲಗಡೆ ಕೈಕೈ ಹಿಡಿದು ಸುತ್ತುತ್ತಿರುವ ಬೆತ್ತಲೆ ಹೆಂಗಸರ ಗುಂಪಿದೆ, ನಡುವೆ ಒಬ್ಬ ತರುಣ ಎದ್ದು ನಿಂತಿದ್ದಾನೆ. ಮೇಲೆ ಹೇಳಿದ ಹೆಜ್ಜೆಗಳನ್ನು ಒಂದೊಂದಾಗಿ ಹಾಕಿ. ಜಾಗ: ಬಾಗಿಲ ಪಕ್ಕದ ಕಂಬದ ಬುಡ, ಅಂದರೆ ಯಜಮಾನ ದೇವರ ಜಾಗವಲ್ಲ, ಇಂಥವೇ ನಾಲ್ಕು ಗುಂಪುಗಳು ಸಾಲಾಗಿವೆ, ಅಂದರೆ ಕಲೆಗಳ ಸಾಲು. ಹೆಂಗಸರು: ನಗು, ಕೆದರಿದ ಕೂದಲು, ಬಳ್ಳಿ. ಬ್ಯಾಕಸನ ಭಕ್ತೆಯರ ಚಹರೆ. ತರುಣ: ಕೈಯಲ್ಲಿ ಟ್ಯಾಂಬೊರಿನ್. ತಕ್ಷಣ ಬ್ಯಾಕಸ್ ಎನ್ನಬೇಕೆನ್ನಿಸುತ್ತದೆ, ಆದರೆ ಬೆನ್ನ ಹಿಂದೆ ರೆಕ್ಕೆಯಿದೆ. ಬ್ಯಾಕಸನಿಗೂ ಅಪೋಲೊಗೂ ರೆಕ್ಕೆಯಿಲ್ಲ. ಪುರಾಣದಲ್ಲಿ ಜಾಗವಿಲ್ಲದ ರೆಕ್ಕೆಯ ತರುಣ, ಕಲೆಗಳ ಸಾಲು: ಇವನು ನೃತ್ಯದ ಚೈತನ್ಯ. ಶಿಲ್ಪದ ಹೆಸರೂ 'ನೃತ್ಯ'ವೇ.

ಮಾಡಿದವನು ಕಾರ್ಪೊ. 1869ರಲ್ಲಿ ಪರದೆ ಸರಿದಾಗ ಪ್ಯಾರಿಸ್ಸಿನ ಮಡಿವಂತರು ಬೊಬ್ಬೆ ಹೊಡೆದರು. ಆಗಸ್ಟ್‌ನ ಒಂದು ರಾತ್ರಿ ಯಾರೋ ಶಾಯಿಯ ಬಾಟಲಿ ಎಸೆದು ಒಬ್ಬಳ ಸೊಂಟ ಕಪ್ಪಾಗಿಸಿದರು. ಈಗ ಅಲ್ಲಿ ಶಾಯಿಯ ಕಲೆ ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಅಲ್ಲಿರುವುದು 1964ರಲ್ಲಿ ಪಾಲ್ ಬೆಲ್ಮೊಂಡೊ ಮಾಡಿದ ಪ್ರತಿ. ಮೂಲ ಕಲ್ಲು ಸೀನ್ ನದಿಯ ಆಚೆ ದಡದಲ್ಲಿ, ಒರ್ಸೆ ಮ್ಯೂಸಿಯಮ್ಮಿನಲ್ಲಿದೆ.

ಅಲ್ಲಿಗೆ ಹೋಗಿ. ಸೂರಿನಡಿ, ಕಣ್ಣಿನ ಮಟ್ಟಕ್ಕೆ ಹತ್ತಿರ, ಸುತ್ತಲೂ ನಡೆಯಲು ಜಾಗವಿರುತ್ತದೆ. ಬೀದಿಯಲ್ಲಿ ಎರಡು ಸಲ ನೋಡಿದರೂ ನಾನು ಕಾಣದಿದ್ದ ಒಬ್ಬ ಪುಟ್ಟ ಹುಡುಗ ಅಲ್ಲಿ ಕಂಡ. ಕುಣಿಯುವವರ ಕಾಲುಗಳ ನಡುವೆ, ಕೆಳಗೆ, ಕಚಗುಳಿ ಇಟ್ಟವನಂತೆ ನಗುತ್ತಿದ್ದಾನೆ. ಮನ್ಮಥನಿರಬೇಕು ಎಂದು ಬಿಲ್ಲು ಹುಡುಕಿದೆ. ಬಿಲ್ಲಿಲ್ಲ. ಕೈಯಲ್ಲಿರುವುದು ವಿದೂಷಕರು ಹಿಡಿಯುವ ಗೊಂಬೆತಲೆಯ ಕೋಲು.